ನೆತ್ತರಿನ ಗುಂಪೂ ಅಮ್ಮನ ಕಲೆಯೂ

2020ನೆಯ ಇಸವಿಯ ಬೇಸಗೆಯಲ್ಲಿ, ಮಾರಿಕುಪ್ಪದಿಂದ ಬೆಂಗಳೂರಿಗೆ ದಿನವೂ ಕೂಲಿಗೂ ನೌಕರಿಗೂ ಜನರನ್ನು ಹೊತ್ತೊಯ್ಯುತ್ತಿದ್ದ ರೈಲುಗಾಡಿಗಳು ನಿಂತುಹೋಗಿ, ರಾಬರ್ಟ್‌ಸನ್‌ಪೇಟೆಯ ನೇರವಾದ ಬೀದಿಗಳು ಹಗಲಿನಲ್ಲಿಯೂ ನಿರ್ಜನವಾಗಿದ್ದ ಆ ದಿನಗಳಲ್ಲಿ, ಔಷಧದಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳೊಳಗೆ ನಿಂತವರ ಬಾಯಲ್ಲಿ ಒಂದು ಪ್ರಶ್ನೆ ಕೇಳಿಬರುತ್ತಿತ್ತು. “ಏನಪ್ಪ, ನಿಂದು ಯಾವ ಗ್ರೂಪು? ಓ ಗ್ರೂಪಿನವರಿಗೆ ಈ ಕಾಯಿಲೆ ಅಷ್ಟಾಗಿ ಹತ್ತೋದಿಲ್ಲವಂತಲ್ಲ?” ಎಂದು ವಯಸ್ಸಾದ ಹೆಂಗಸೊಬ್ಬರು ಕೇಳಿದರೆ, “ಹಾಗೇನೋ ಹೇಳ್ತಾರೆ ಅಜ್ಜಿ, ಆದ್ರೂ ಮಾಸ್ಕು ತೆಗೀಬೇಡಿ” ಎಂದು ಅಂಗಡಿಯ ಹುಡುಗ ಉತ್ತರ ಕೊಡುವನು. ಹಣ ಎಣಿಸಲೆಂದು ಆಕೆ ಸೆರಗು ಸರಿಸಿದಾಗ ಎಡತೋಳಿನ ಮೇಲೆ, ಹಳೆಯ ಮೂರುಕಾಸಿನ ನಾಣ್ಯದಷ್ಟಗಲದ, ಅಂಚು ಸುಕ್ಕಾಗಿ ನಡು ತಗ್ಗಾದ ಎರಡು ದುಂಡು ಕಲೆಗಳು ಕಾಣುತ್ತಿದ್ದವು. ಅವು ಬಾಲ್ಯದಲ್ಲಿ ಸಿಡುಬಿನ ದಾಕು ಹಾಕಿಸಿಕೊಂಡುದರ ಗುರುತು. ಆಕೆ ಕೇಳಿದ ಪ್ರಶ್ನೆಗೂ ಆಕೆಯ ತೋಳಿನ ಮೇಲಿದ್ದ ಆ ಗುರುತಿಗೂ ಇರುವ ಸಂಬಂಧವು ಒಂದು ಶತಮಾನಕ್ಕೂ ಮಿಗಿಲಾದ ಕಥೆ. ಅದನ್ನು ಹೇಳುವುದಕ್ಕೆ ಕೋಲಾರ ಚಿನ್ನದ ಗಣಿಯ ಈ ಊರಿಗಿಂತ ತಕ್ಕ ಸ್ಥಳವು ನನಗೆ ತೋರದು.

ಏಕೆಂದರೆ ಈ ಊರೇ ಒಂದು ಸಾಂಕ್ರಾಮಿಕದ ನೆರಳಿನಲ್ಲಿ ಬೆಳೆದುದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಇಲ್ಲಿಯ ಗಣಿಗಳ ಆಡಳಿತವನ್ನು ಕೈಗೆ ತೆಗೆದುಕೊಂಡ ಮೇಲೆ, ಬೌರಿಂಗ್‌ಪೇಟೆಯೆಂದು ಆಗ ಕರೆಯಲ್ಪಡುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಕವಲೊಡೆದು ಬಂದ ರೈಲು, ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಮೊದಲಾದ ಸೀಮೆಗಳಿಂದ ಬಡವರನ್ನು ತಂದು ತಂದು ಇಳಿಸಿತು. 1891ರಲ್ಲಿ ಏಳು ಸಾವಿರದಷ್ಟಿದ್ದ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ 38 ಸಾವಿರವನ್ನು ಮೀರಿತು. ಬಂದವರಿಗೆ ದೊರೆತ ವಸತಿಯೆಂದರೆ ಬಿದಿರು ತಟ್ಟಿಯ ಗುಡಿಸಲುಗಳ ಸಾಲು, ಎಂದರೆ ‘ಲೈನು’. ಒಂದು ಕೋಣೆ, ಅದರಲ್ಲಿಯೇ ಒಲೆ, ಅದರಲ್ಲಿಯೇ ಹೆರಿಗೆ, ಅದರಲ್ಲಿಯೇ ರೋಗ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದು ಸಂಸ್ಥಾನದಲ್ಲೆಲ್ಲ ಹರಡಿದಾಗ, ಇಲಿಗೂ ಮನುಷ್ಯನಿಗೂ ನಡುವೆ ಬರಿಯ ತಟ್ಟಿಯೊಂದೇ ಇದ್ದ ಇಂತಹ ವಸತಿಯ ಅಪಾಯವು ಸರ್ಕಾರಕ್ಕೂ ಕಂಪನಿಗೂ ಮನವರಿಕೆಯಾಗಿರಬೇಕು. ಬೆಂಗಳೂರಿನಲ್ಲಿ ಬಸವನಗುಡಿಯೂ ಮಲ್ಲೇಶ್ವರವೂ ರೂಪುಗೊಂಡ ಆ ವರ್ಷಗಳ ಆಸುಪಾಸಿನಲ್ಲಿಯೇ ಇಲ್ಲಿಯೂ ಗಣಿಯ ಇಕ್ಕಟ್ಟನ್ನು ಬಿಡಿಸುವ ಉದ್ದೇಶದಿಂದ ನೂಲು ಹಿಡಿದು ಬೀದಿಗಳನ್ನು ಎಳೆದು ಒಂದು ಹೊಸ ಪೇಟೆಯನ್ನು ಕಟ್ಟಿದರು. ಮೈಸೂರಿನ ಬ್ರಿಟಿಷ್ ರೆಸಿಡೆಂಟರಾಗಿದ್ದ ರಾಬರ್ಟ್‌ಸನ್ನರ ಹೆಸರು ಅದಕ್ಕೆ ನಿಂತಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಗಣಿಗಳಿಗೆ ಬಂದುದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಬೇತಮಂಗಲದ ಕೆರೆಯಿಂದ ಕೊಳವೆಯಲ್ಲಿ ಕುಡಿಯುವ ನೀರು ಬಂದುದು ಅದಕ್ಕಿಂತ ಕಿರಿದಾದ ಸಂಗತಿಯಲ್ಲವೆಂದು ನಾನು ತಿಳಿದಿದ್ದೇನೆ.

ಪ್ಲೇಗು ಬ್ಯಾಕ್ಟೀರಿಯಾದಿಂದ ಬರುವ ರೋಗ. ವೈರಸ್ಸಿನ ರೋಗಗಳಲ್ಲಿ ನಮ್ಮ ಜನ ಹೆಚ್ಚು ಅಂಜಿದ್ದೂ ಹೆಚ್ಚು ಪೂಜಿಸಿದ್ದೂ ಸಿಡುಬನ್ನು. ಅದನ್ನು ಹೆಸರು ಹಿಡಿದು ಕರೆಯುವುದು ಸಲ್ಲದೆಂದು “ಅಮ್ಮ” ಎಂದರು, “ದೇವಿ” ಎಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಗುವನ್ನು ಬಾಳೆಯೆಲೆಯ ಮೇಲೆ ಮಲಗಿಸಿ, ಒಗ್ಗರಣೆಯ ಸದ್ದು ಮನೆಯಲ್ಲಿ ಕೇಳಿಸದಂತೆ ದಿನಗಳನ್ನು ಎಣಿಸಿದರು. ಗಣಿಯ ಲೈನುಗಳಲ್ಲಿ ಮಾರಿಯಮ್ಮನ ಗುಡಿಯಿಲ್ಲದ ಲೈನು ಕಾಣುವುದು ಅಪರೂಪ. ಆದರೆ ಇದೇ ಮೈಸೂರು ದೇಶದಲ್ಲಿ, 1805ರ ಸುಮಾರಿಗೆ, ಮುಮ್ಮಡಿ ಕೃಷ್ಣರಾಜರ ಅಂತಃಪುರದ ರಾಣಿಯೊಬ್ಬರು ಗೋವಿನ ಸಿಡುಬಿನ ದಾಕನ್ನು ಹಾಕಿಸಿಕೊಂಡು, ಸೆರಗನ್ನು ಓರೆ ಮಾಡಿ ಆ ತೋಳನ್ನು ಲೋಕಕ್ಕೆ ತೋರುವಂತೆ ಥಾಮಸ್ ಹಿಕ್ಕಿ ಎಂಬ ಚಿತ್ರಕಾರನ ಮುಂದೆ ನಿಂತರೆಂದು ಆ ಚಿತ್ರವನ್ನು ಪರಿಶೀಲಿಸಿದ ವಿದ್ವಾಂಸರು ಹೇಳುತ್ತಾರೆ. ಪರಪುರುಷನ ದೃಷ್ಟಿಯಿಂದ ಮರೆಯಾಗಿರಬೇಕಾದ ರಾಣಿಯ ತೋಳು, ಪ್ರಜೆಗಳ ಅಂಜಿಕೆಯನ್ನು ಕಳೆಯುವುದಕ್ಕಾಗಿ ಚಿತ್ರಪಟವನ್ನೇರಿತು. ಈ ದಾಕನ್ನು ಲೋಕಕ್ಕೆ ಕೊಟ್ಟ ಜೆನ್ನರನು ತನ್ನ ಪ್ರಯೋಗವನ್ನು ಮಾಡಿ ಆಗ ಇನ್ನೂ ಹತ್ತು ವರ್ಷಗಳು ಕೂಡ ತುಂಬಿರಲಿಲ್ಲ. ಔಷಧದಂಗಡಿಯ ಮುಂದೆ ನಿಂತ ಅಜ್ಜಿಯ ತೋಳಿನ ಕಲೆಯ ವಂಶವೃಕ್ಷವು ಆ ರಾಣಿಯವರೆಗೆ ಹೋಗುತ್ತದೆ.

ಇನ್ನು ನೆತ್ತರಿನ ಕಥೆ. ಒಬ್ಬನ ರಕ್ತವನ್ನು ಮತ್ತೊಬ್ಬನಿಗೆ ಕೊಟ್ಟರೆ ಕೆಲವೊಮ್ಮೆ ರೋಗಿ ಬದುಕುವುದೂ ಕೆಲವೊಮ್ಮೆ ತತ್‌ಕ್ಷಣವೇ ಸಾಯುವುದೂ ಏಕೆಂಬುದು ಬಹುಕಾಲ ವೈದ್ಯರಿಗೆ ಬಗೆಹರಿಯದ ಒಗಟಾಗಿತ್ತು. ವಿಯೆನ್ನಾ ನಗರದಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರನು 1900 ಮತ್ತು 1901ರಲ್ಲಿ ತನ್ನ ಹಾಗೂ ತನ್ನ ಸಹೋದ್ಯೋಗಿಗಳ ರಕ್ತವನ್ನೇ ಪರಸ್ಪರ ಬೆರೆಸಿ ನೋಡಿ, ಮನುಷ್ಯರ ರಕ್ತವು ಒಂದೇ ಜಾತಿಯದಲ್ಲವೆಂಬುದನ್ನು ತೋರಿಸಿಕೊಟ್ಟನು. ನಾಲ್ಕನೆಯದಾದ ಎಬಿ ಗುಂಪು ಮರುವರ್ಷವೇ ಇತರರಿಗೆ ಗೋಚರವಾಯಿತು. ಆ ಪರೀಕ್ಷೆಯನ್ನು ಯಾವ ಊರಿನ ಲ್ಯಾಬಿನಲ್ಲಾದರೂ ಇಂದಿಗೂ ಕಾಣಬಹುದು. ಗಾಜಿನ ಪಟ್ಟಿಯೊಂದರ ಮೇಲೆ ನೀಲಿಬಣ್ಣದ ದ್ರವದ ಒಂದು ಹನಿ, ಹಳದಿಬಣ್ಣದ ದ್ರವದ ಒಂದು ಹನಿ. ಬೆರಳಿಗೆ ಸೂಜಿ ಚುಚ್ಚಿ ತೆಗೆದ ರಕ್ತವನ್ನು ಎರಡಕ್ಕೂ ಸೇರಿಸಿ ಕಡ್ಡಿಯಿಂದ ಕಲಕಿ, ಪಟ್ಟಿಯನ್ನು ಮೆಲ್ಲನೆ ಅತ್ತಿತ್ತ ಓಲಾಡಿಸುತ್ತಾರೆ. ನೀಲಿಯಲ್ಲಿ ರಕ್ತವು ಒಡೆದ ಹಾಲಿನಂತೆ ಕಣಕಣವಾದರೆ ಎ, ಹಳದಿಯಲ್ಲಾದರೆ ಬಿ, ಎರಡರಲ್ಲಿಯೂ ಆದರೆ ಎಬಿ, ಎರಡರಲ್ಲಿಯೂ ಏನೂ ಆಗದೆ ನುಣ್ಣಗೆ ಉಳಿದರೆ ಓ. ಎ ಮತ್ತು ಬಿ ಎಂಬುವು ರಕ್ತಕಣದ ಮೈಮೇಲಿನ ಎರಡು ಬಗೆಯ ಸಕ್ಕರೆಯ ತುಣುಕುಗಳು. ಓ ಗುಂಪಿನವರಲ್ಲಿ ಅವೆರಡೂ ಇಲ್ಲ. ತನ್ನಲ್ಲಿ ಇಲ್ಲದ ಸಕ್ಕರೆಗೆ ವಿರೋಧವಾದ ಪ್ರತಿಕಾಯವನ್ನು ಪ್ರತಿಯೊಬ್ಬನ ಶರೀರವೂ ಶೈಶವದಿಂದಲೇ ಸಿದ್ಧಮಾಡಿಟ್ಟುಕೊಂಡಿರುತ್ತದೆ. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಇದರ ಮೇಲೆಯೇ ನಿಂತಿದೆ.

1918ನೆಯ ಇಸವಿಯಲ್ಲಿ ಎರಡು ಸಂಗತಿಗಳು ಒಂದನ್ನೊಂದು ಅರಿಯದೆ ನಡೆದವು. ಗ್ರೀಸ್ ದೇಶದ ಸಲೋನಿಕಾ ಬಂದರಿನಲ್ಲಿ ಬೀಡುಬಿಟ್ಟಿದ್ದ ಮಿತ್ರರಾಷ್ಟ್ರಗಳ ಸೈನ್ಯದಲ್ಲಿ, ಲುಡ್ವಿಕ್ ಹಿರ್ಜ್‌ಫೆಲ್ಡ್ ಮತ್ತು ಹನ್ನಾ ಹಿರ್ಜ್‌ಫೆಲ್ಡ್ ಎಂಬ ಪೋಲಿಷ್ ವೈದ್ಯ ದಂಪತಿಗಳು ಹಲವು ಜನಾಂಗಗಳ ಸಾವಿರಾರು ಸೈನಿಕರ ರಕ್ತವನ್ನು ಪರೀಕ್ಷಿಸುತ್ತಿದ್ದರು. ಅವರಲ್ಲಿ ಸಾವಿರ ಮಂದಿ ಭಾರತೀಯರು. 1919ರಲ್ಲಿ ಪ್ರಕಟವಾದ ಆ ಲೆಕ್ಕದ ಪ್ರಕಾರ ನಮ್ಮವರಲ್ಲಿ ನೂರಕ್ಕೆ 41 ಮಂದಿ ಬಿ, 31 ಮಂದಿ ಓ, 19 ಮಂದಿ ಮಾತ್ರ ಎ; ಯೂರೋಪಿಯನ್ನರಲ್ಲಿ ಎ ಗುಂಪೇ ಹೆಚ್ಚಾಗಿ ಬಿ ಎಂಬುದು ವಿರಳವಾಗಿತ್ತು. ಭಾರತವು ಬಿ ಗುಂಪಿನ ದೇಶವೆಂಬ ಮಾತು ಹುಟ್ಟಿದ್ದು ಅಲ್ಲಿ. ಆ 1918ರ ಮಳೆಗಾಲ ಮುಗಿಯುವ ಹೊತ್ತಿಗೆ, ಮುಂಬಯಿಯಿಂದ ರೈಲುದಾರಿ ಹಿಡಿದು ಬಂದ ಇನ್‌ಫ್ಲುಯೆಂಜಾ ಮೈಸೂರು ಸಂಸ್ಥಾನವನ್ನು ವ್ಯಾಪಿಸಿತು. ಸ್ಮಶಾನಗಳಲ್ಲಿ ಸೌದೆ ಸಾಲದೆ ಹೋದ ಕಾಲ ಅದು. ಬೆಂಗಳೂರಿನಲ್ಲಿ ಸ್ವಯಂಸೇವಕರು ಕೇರಿಕೇರಿಗೆ ಗಂಜಿಯನ್ನೂ ಔಷಧವನ್ನೂ ಹೊತ್ತು ನಡೆದರು. ಹತ್ತು ವರ್ಷಗಳ ಅವಧಿಯಲ್ಲಿ, ಎಂದರೆ 1911ರಿಂದ 1921ರವರೆಗೆ, ಸಂಸ್ಥಾನದ ಜನಸಂಖ್ಯೆ 58 ಲಕ್ಷದಿಂದ 59.8 ಲಕ್ಷಕ್ಕೆ ಮಾತ್ರ ಏರಿತೆಂಬ ಜನಗಣತಿಯ ಮಾತಿನಲ್ಲಿ ಆ ಕೆಲವು ತಿಂಗಳುಗಳ ದುಃಖವೆಲ್ಲ ಅಡಗಿದೆ. ಗಣಿಯ ಲೈನಿನಲ್ಲಿ ಜ್ವರದಿಂದ ಮಲಗಿದವನ ರಕ್ತ ಯಾವ ಗುಂಪಿನದೆಂದು ಆಗ ಕೇಳಿದವರೂ ಇಲ್ಲ, ಕೇಳುವ ಸಾಧನವೂ ಇಲ್ಲಿರಲಿಲ್ಲ.

ಎರಡು ಎಳೆಗಳನ್ನೂ ಒಂದು ಹುರಿಯಾಗಿ ಹೊಸೆಯಲು ಯತ್ನಿಸಿದವರು ಜರ್ಮನಿಯ ವಿಜ್ಞಾನಿಗಳು. 1960ರ ಸುಮಾರಿನಲ್ಲಿ ಪೆಟೆನ್‌ಕೋಫರ್ ಮತ್ತು ಅವನ ಸಂಗಡಿಗರು ಒಂದು ಮಹತ್ತಾದ ಊಹೆಯನ್ನು ಮಂಡಿಸಿದರು. ಸಿಡುಬಿನ ವೈರಸ್ಸಿನಲ್ಲಿ ಎ ಸಕ್ಕರೆಯನ್ನು ಹೋಲುವ ದ್ರವ್ಯವಿದೆ. ಆದುದರಿಂದ ಬಿ ಮತ್ತು ಓ ಗುಂಪಿನವರ ರಕ್ತದಲ್ಲಿ ಮೊದಲೇ ಇರುವ ಎ-ವಿರೋಧಿ ಪ್ರತಿಕಾಯವು ಅದನ್ನು ಬಾಗಿಲಲ್ಲಿಯೇ ತಡೆಯುತ್ತದೆ, ಎ ಗುಂಪಿನವರಿಗೆ ಆ ಕಾವಲಿಲ್ಲ. ಪ್ಲೇಗಿನ ರೋಗಾಣುವಿನಲ್ಲಿಯಾದರೋ ಓ ಗುಂಪಿನವರ ರಕ್ತಕಣದ ಮೇಲಿರುವ ದ್ರವ್ಯದ ಹೋಲಿಕೆಯಿದೆ. ಆದುದರಿಂದ ಪ್ಲೇಗಿಗೆ ಓ ಗುಂಪಿನವರು ಹೆಚ್ಚು ಸುಲಭವಾಗಿ ತುತ್ತಾಗುತ್ತಾರೆ. ಸಿಡುಬು ಎ ಗುಂಪನ್ನು ಸವೆಸಿತು, ಪ್ಲೇಗು ಓ ಗುಂಪನ್ನು ಸವೆಸಿತು, ಉಳಿದು ಬೆಳೆದದ್ದು ಬಿ. ಭಾರತದಲ್ಲಿ ಬಿ ಹೆಚ್ಚಾಗಿರುವುದರ ರಹಸ್ಯ ಇದೇ ಎಂಬುದು ಅವರ ವಾದ. ಸಲೋನಿಕಾದಲ್ಲಿ ಎಣಿಸಿದ ಅಂಕಿಗೆ ಇತಿಹಾಸದ ಮಾರಿಗಳೇ ಕಾರಣವೆಂಬ ಈ ಚಿತ್ರದ ಭವ್ಯತೆಗೆ ಮಾರುಹೋಗದಿರುವುದು ಕಷ್ಟ. ಪ್ಲೇಗನ್ನೂ ಸಿಡುಬನ್ನೂ ಎರಡನ್ನೂ ಉಂಡ ಗಣಿಯೂರಿನಲ್ಲಿ ಕುಳಿತು ಓದುವವನಿಗಂತೂ ತನ್ನ ಅಜ್ಜ ಮುತ್ತಜ್ಜಂದಿರ ಕಥೆಯನ್ನೇ ಯಾರೋ ದೂರದಲ್ಲಿ ಬರೆದಿಟ್ಟಂತೆ ಭಾಸವಾದೀತು.

ಭವ್ಯವಾದುದೆಲ್ಲ ಸತ್ಯವಾಗಬೇಕಾಗಿಲ್ಲ, ಪರೀಕ್ಷೆ ಬೇಕು. ಆ ಪರೀಕ್ಷೆ ನಡೆದದ್ದು ನಮ್ಮ ದೇಶದಲ್ಲಿಯೇ, ಎರಡು ಕಡೆಗಳಲ್ಲಿ. ಹೈಡೆಲ್‌ಬರ್ಗಿನ ಫ್ರೀಡ್ರಿಕ್ ಫೋಗೆಲ್ ಮತ್ತು ಬಂಗಾಳದ ಚಕ್ರವರ್ತಿ ಎಂಬ ವಿದ್ವಾಂಸರು ಪಶ್ಚಿಮ ಬಂಗಾಳ ಮತ್ತು ಬಿಹಾರದ ಹಳ್ಳಿಗಳಲ್ಲಿ, ದಾಕು ಹಾಕಿಸಿಕೊಳ್ಳದ ನಾನೂರಕ್ಕೂ ಹೆಚ್ಚು ಸಿಡುಬಿನ ರೋಗಿಗಳನ್ನು ಅವರ ಗುಡಿಸಲುಗಳಿಗೇ ಹೋಗಿ ಕಂಡು ಗುಂಪು ಪರೀಕ್ಷೆ ಮಾಡಿದರು. ಹೋಲಿಕೆಗೆ ಅವರು ಆರಿಸಿಕೊಂಡದ್ದು ಅದೇ ಮನೆಯ, ಅದೇ ತಾಯಿತಂದೆಗಳ, ರೋಗ ಬಾರದೆ ಉಳಿದ ಅಣ್ಣತಮ್ಮ ಅಕ್ಕತಂಗಿಯರನ್ನು. ಒಂದೇ ಒಲೆಯ ಅನ್ನ ಉಂಡು, ಒಂದೇ ಚಾಪೆಯ ಮೇಲೆ ಮಲಗಿದವರಲ್ಲಿ ಒಬ್ಬನಿಗೆ ಬಂದು ಮತ್ತೊಬ್ಬನಿಗೆ ಬಾರದಿರುವಾಗ, ಬಡತನವನ್ನೂ ನೆರೆಹೊರೆಯನ್ನೂ ಕಾರಣವೆಂದು ಹೇಳುವಂತಿಲ್ಲವಲ್ಲ. ಈ ಆಯ್ಕೆಯ ವಿವೇಕವನ್ನು ನಾನು ತಲೆದೂಗಿ ಮೆಚ್ಚುತ್ತೇನೆ. 1966ರಲ್ಲಿ ಪ್ರಕಟವಾದ ಫಲಿತಾಂಶವೆಂದರೆ, ಎ ಮತ್ತು ಎಬಿ ಗುಂಪಿನವರಿಗೆ ಸಿಡುಬು ಹಲವು ಪಟ್ಟು ಹೆಚ್ಚಾಗಿ ಹತ್ತಿತ್ತು, ಹತ್ತಿದವರಲ್ಲಿಯೂ ಅವರದೇ ಹೆಚ್ಚು ಉಗ್ರವಾಗಿತ್ತು, ಸತ್ತವರಲ್ಲಿಯೂ ಅವರೇ ಹೆಚ್ಚಾಗಿದ್ದರು. ಆ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಳಿಯಲಿಲ್ಲವೆಂಬುದನ್ನು ನೆನೆದರೆ, ಆ ಗುಡಿಸಲುಗಳಲ್ಲಿ ಸೂಜಿ ಹಿಡಿದು ಕುಳಿತವರ ಮನಸ್ಸು ಹೇಗಿದ್ದಿರಬಹುದೆಂದು ಯೋಚಿಸಬೇಕಾಗುತ್ತದೆ.

ಮತ್ತೊಂದು ಪರೀಕ್ಷೆ ನಮಗೆ ಇನ್ನೂ ಹತ್ತಿರದ್ದು. ಗಣಿಗೆ ಜನರನ್ನು ಕಳುಹಿಸಿದ ತಮಿಳು ಸೀಮೆಯ ರಾಜಧಾನಿಯಾದ ಮದರಾಸಿನಲ್ಲಿ, ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯ ಎ. ಆರ್. ರಾವ್ ಅವರು, ಲಿವರ್‌ಪೂಲಿನ ಡೌನಿ, ಅಮೆರಿಕದ ಕೆಂಪೆ ಮೊದಲಾದವರೊಡಗೂಡಿ ಸಿಡುಬಿನ ರೋಗಿಗಳ ರಕ್ತವನ್ನು ಪರೀಕ್ಷಿಸಿದರು. ಸಿಡುಬನ್ನು ಇವರಷ್ಟು ಕಣ್ಣಾರೆ ಕಂಡವರು ಆ ಕಾಲದಲ್ಲಿ ಲೋಕದಲ್ಲಿಯೇ ಕಡಿಮೆ. 1965ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಅವರು ಹೇಳಿದ್ದು, ಗುಂಪಿಗೂ ಸಿಡುಬಿಗೂ, ಬರುವುದರಲ್ಲಾಗಲಿ ಉಲ್ಬಣಿಸುವುದರಲ್ಲಾಗಲಿ, ಸಂಬಂಧವೇನೂ ಕಾಣಲಿಲ್ಲವೆಂದು. ಇದರ ನಡುವೆ, ಪ್ರಯೋಗಶಾಲೆಯಲ್ಲಿ ವೈರಸ್ಸಿನ ಮೇಲೆ ಕಂಡ ಎ ದ್ರವ್ಯವು ವೈರಸ್ಸಿನ ಸ್ವಂತದ್ದಲ್ಲ, ಅದನ್ನು ಬೆಳೆಸಿದ ಕೋಳಿಮೊಟ್ಟೆಯ ಪೊರೆಯಿಂದ ಅಂಟಿ ಬಂದದ್ದೆಂದು ಇಂಗ್ಲೆಂಡಿನಲ್ಲಿ ಕೆಲವರು ತೋರಿಸಿದರು.

ಬಂಗಾಳ ಹೌದೆಂದಿತು, ಮದರಾಸು ಅಲ್ಲವೆಂದಿತು, ಯಾರನ್ನು ನಂಬುವುದು? ಹಿಂದೆ ಎಂದಾದರೊಮ್ಮೆ ದಾಕು ಹಾಕಿಸಿಕೊಂಡವರು ಬೆರೆತಿರುವ ಜನರಲ್ಲಿ ರಕ್ತದ ಸಣ್ಣ ಭೇದವು ಕಾಣಿಸದೆ ಮುಚ್ಚಿಹೋಗುತ್ತದೆ, ದಾಕನ್ನೇ ಕಾಣದ ಹಳ್ಳಿಯಲ್ಲಿ ಮಾತ್ರ ಅದು ಬಯಲಾಗುತ್ತದೆ ಎಂಬುದು ಫೋಗೆಲರ ಪಕ್ಷ. ಈ ಸಮಾಧಾನ ಸರಿಯೆಂದೇ ಇಟ್ಟುಕೊಂಡರೂ ಅದರಿಂದ ಹೊರಡುವ ಅರ್ಥವನ್ನು ಗಮನಿಸಬೇಕು: ಹುಟ್ಟಿನಿಂದ ಬಂದ ರಕ್ತದ ಹಣೆಬರಹವನ್ನು ತೋಳಿನ ಮೇಲೆ ಹಾಕಿದ ಎರಡು ಗೀರು ಅಳಿಸಿಬಿಡುತ್ತದೆ. ವಾದ ಪೂರ್ತಿಯಾಗಿ ತೀರುವ ಮೊದಲೇ ವಾದದ ವಿಷಯವೇ ಲೋಕದಿಂದ ಕಣ್ಮರೆಯಾಯಿತು. ಕವಲುಮೊನೆಯ ಸೂಜಿಯನ್ನು ಹಿಡಿದ ನೌಕರರು ಊರೂರು ಅಲೆದು, 1975ರ ಬಳಿಕ ಭಾರತದಲ್ಲಿ ಸಿಡುಬಿನ ರೋಗಿ ಉಳಿಯದಂತೆ ಮಾಡಿದರು.

ಪ್ರಶ್ನೆಯಾದರೋ ಸಾಯಲಿಲ್ಲ. ವಾಂತಿಭೇದಿಯನ್ನು ತರುವ ನೊರೋವೈರಸ್ಸು ಕರುಳಿನ ಒಳಮೈಯಲ್ಲಿರುವ ಇದೇ ಸಕ್ಕರೆಗಳನ್ನು ಹಿಡಿದು ಒಳಹೊಗುತ್ತದೆಂಬುದು ಸ್ಪಷ್ಟವಾಯಿತು. 2003ರಲ್ಲಿ ಸಾರ್ಸ್ ಬಂದಾಗ ಹಾಂಗ್‌ಕಾಂಗಿನ ಆಸ್ಪತ್ರೆಯೊಂದರ ಸಿಬ್ಬಂದಿಯಲ್ಲಿ ಓ ಗುಂಪಿನವರಿಗೆ ರೋಗ ಕಡಿಮೆ ಹತ್ತಿದ್ದು ಕಂಡುಬಂದಿತು. 2020ರ ಮಾರ್ಚಿನಲ್ಲಿ ವೂಹಾನಿನಿಂದಲೂ, ಜೂನಿನಲ್ಲಿ ಇಟಲಿ ಮತ್ತು ಸ್ಪೇನಿನಿಂದಲೂ ಬಂದ ವರದಿಗಳು ಅದನ್ನೇ ಕೊರೋನಾಕ್ಕೂ ಹೇಳಿದವು. ಅಜ್ಜಿಯ ಕಿವಿಗೆ ಬಿದ್ದ ಸುದ್ದಿಗೆ ಮೂಲ ಇದು. ಎರಡನೆಯ ವರದಿಯಲ್ಲಿ, ಉಸಿರಾಟ ಕೆಟ್ಟು ಆಸ್ಪತ್ರೆ ಸೇರಿದ 1,610 ಮಂದಿಯ ವಂಶವಾಹಿಗಳನ್ನೆಲ್ಲ ಜಾಲಾಡಿದಾಗ ಎದ್ದುಕಂಡ ಎರಡು ತಾಣಗಳಲ್ಲಿ ಒಂದು, ಒಂಬತ್ತನೆಯ ವರ್ಣತಂತುವಿನಲ್ಲಿ ರಕ್ತದ ಗುಂಪನ್ನು ನಿರ್ಧರಿಸುವ ತಾಣವೇ ಆಗಿತ್ತು. ನಮ್ಮ ದೇಶದ ವೈಜ್ಞಾನಿಕ ಸಂಶೋಧನಾ ಮಂಡಳಿಯ ಪ್ರಯೋಗಾಲಯಗಳ ಹತ್ತು ಸಾವಿರಕ್ಕೂ ಹೆಚ್ಚು ನೌಕರರನ್ನು ಪರೀಕ್ಷಿಸಿದಾಗಲೂ ಓ ಗುಂಪಿನವರಲ್ಲಿ ಸೋಂಕಿನ ಗುರುತು ಕಡಿಮೆಯಾಗಿತ್ತು. ಕಾರಣವನ್ನು ಕುರಿತು ಹೇಳುವ ಒಂದು ಊಹೆ ಪೆಟೆನ್‌ಕೋಫರನ ಮೊಟ್ಟೆಯ ಪೊರೆಯನ್ನು ನೆನಪಿಗೆ ತರುತ್ತದೆ: ಎ ಗುಂಪಿನವನ ಗಂಟಲಲ್ಲಿ ಬೆಳೆದ ವೈರಸ್ಸು ಅವನ ಸಕ್ಕರೆಯನ್ನೇ ಹೊದ್ದು ಹೊರಬರುತ್ತದೆ, ಓ ಗುಂಪಿನವನ ಪ್ರತಿಕಾಯವು ಆ ಹೊದಿಕೆಯನ್ನು ಪರಕೀಯವೆಂದು ಗುರುತಿಸುತ್ತದೆ. ರಕ್ತ ಹೆಪ್ಪುಗಟ್ಟಿಸುವ ಒಂದು ದ್ರವ್ಯ ಓ ಗುಂಪಿನವರಲ್ಲಿ ಸುಮಾರು ಕಾಲುಭಾಗ ಕಡಿಮೆಯಿರುವುದೂ ಒಂದು ಕಾರಣವಿರಬಹುದು.

ಹಾಗಾದರೆ ಭೇದವು ಎಷ್ಟು? ಇಟಲಿ ಮತ್ತು ಸ್ಪೇನಿನ ಲೆಕ್ಕವನ್ನು ಮನೆಯ ಮಾತಿನಲ್ಲಿ ಹೇಳುವುದಾದರೆ, ಉಳಿದ ಗುಂಪಿನ ನೂರು ಮಂದಿಯಲ್ಲಿ ಹತ್ತು ಮಂದಿಗೆ ರೋಗ ಬಿಗಡಾಯಿಸುವ ಸಂದರ್ಭದಲ್ಲಿ ಎ ಗುಂಪಿನ ನೂರು ಮಂದಿಯಲ್ಲಿ ಹದಿನಾಲ್ಕು ಮಂದಿಗೆ ಬಿಗಡಾಯಿಸೀತು, ಓ ಗುಂಪಿನವರಲ್ಲಿ ಏಳು ಮಂದಿಗೆ. ಮುಂದೆ ಇನ್ನೂ ದೊಡ್ಡ ಸಮೂಹಗಳನ್ನು ನೋಡಿದಾಗ ಈ ಅಂತರವೂ ಕುಗ್ಗಿತು. ಗುಂಪು ಪ್ರಭಾವ ಬೀರುವುದು ಸೋಂಕು ಹತ್ತುವುದರ ಮೇಲೆಯೇ ಹೊರತು ಉಲ್ಬಣದ ಮೇಲೆ ಅಷ್ಟಾಗಿ ಅಲ್ಲವೆಂದು ತೋರಿತು. ಬೆಂಗಳೂರಿನ ರಕ್ತದಾನಿಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ಓ, 30 ಮಂದಿ ಬಿ, 24 ಮಂದಿ ಎ, ಉಳಿದವರು ಎಬಿ. ಹೀಗಿರಲು ಈ ಸೀಮೆಯ ಬಹಳಷ್ಟು ಮನೆಗಳಲ್ಲಿ ನಾಲ್ವರು ಕುಳಿತು ಉಂಡರೆ ಎರಡು ಮೂರು ಗುಂಪುಗಳು ಒಂದೇ ಪಂಕ್ತಿಯಲ್ಲಿರುತ್ತವೆ. ಓ ಎಂಬ ಧೈರ್ಯದಿಂದ ಅಜಾಗರೂಕನಾದ ಮಗನು ಎ ಗುಂಪಿನ ತಾಯಿಗೆ ರೋಗವನ್ನು ತಂದು ಒಪ್ಪಿಸಬಲ್ಲನು. ರಕ್ತದ ಗುಂಪು ವೈರಸ್ಸಿನ ಅಪಾಯವನ್ನು ಬದಲಿಸುತ್ತದೆಯೇ ಎಂದರೆ, ಬದಲಿಸುತ್ತದೆ. ಆದರೆ ತಕ್ಕಡಿಯ ಮೇಲೆ ಗುಲಗಂಜಿಯಿಟ್ಟಷ್ಟು. ಆ ತಕ್ಕಡಿಯ ತಟ್ಟೆಗಳಲ್ಲಿ ತೂಗುವ ಕಲ್ಲುಗಳೇ ಬೇರೆ: ಲಸಿಕೆ, ವಯಸ್ಸು, ಮನೆಯ ಗಾಳಿ, ಕೆಲಸದ ಧೂಳು.

ಈ ಕೊನೆಯ ಮಾತನ್ನು ಗಣಿಯೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ಬಂಡೆ ಕೊರೆದವನ ಪುಪ್ಪುಸಕ್ಕೆ ಕಲ್ಲಿನ ಧೂಳು ಹೊಕ್ಕು ಸಿಲಿಕೋಸಿಸ್ ಆಗುವಾಗ, ಆ ಧೂಳು ಅವನ ಗುಂಪನ್ನು ಕೇಳಲಿಲ್ಲ. ಅಂತಹ ಎದೆಯುಳ್ಳ ಮುದುಕರು, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೂ ಅದೇ ಲೈನುಗಳಲ್ಲಿ ಉಳಿದುಕೊಂಡಿದ್ದರು. ಅವರ ಮಕ್ಕಳು ಬೆಂಗಳೂರಿನ ಕಿಕ್ಕಿರಿದ ರೈಲಿನಲ್ಲಿ ಹೋಗಿಬಂದು ಮನೆ ನಡೆಸುತ್ತಿದ್ದರು. 2021ರ ಎರಡನೆಯ ಅಲೆಯಲ್ಲಿ ಕೋಲಾರದ ಆಸ್ಪತ್ರೆಗಳೂ ಬೆಂಗಳೂರಿನ ಆಸ್ಪತ್ರೆಗಳೂ ತುಂಬಿ, ಜನರು ಆಕ್ಸಿಜನ್ನಿಗಾಗಿ ಊರೂರು ಅಲೆಯುತ್ತಿದ್ದಾಗ, ಚಾಂಪಿಯನ್ ರೀಫಿನಲ್ಲಿ ಗಣಿಯೊಡನೆಯೇ ಬಾಗಿಲು ಹಾಕಿ ಇಪ್ಪತ್ತು ವರ್ಷಗಳಿಂದ ಪಾಳುಬಿದ್ದಿದ್ದ ಗಣಿ ಕಂಪನಿಯ ಹಳೆಯ ಆಸ್ಪತ್ರೆಗೆ ಈ ಊರಿನ ಜನರೇ ಪೊರಕೆ ಹಿಡಿದು ಹೋದರು. ಬೇಲಿಗಿಡಗಳನ್ನು ಕಡಿದು, ಕಸ ಹೊರಹಾಕಿ, ಗೋಡೆಗೆ ಬಣ್ಣ ಬಳಿದು, ತುಕ್ಕುಹಿಡಿದ ಮಂಚಗಳನ್ನು ಉಜ್ಜಿ ಸಾಲಾಗಿ ಇಟ್ಟರು. ಆ ವರ್ಷದ ಮೇ ತಿಂಗಳಿನಲ್ಲಿ ಆ ವಾರ್ಡುಗಳು ಕೊರೋನಾ ರೋಗಿಗಳಿಗಾಗಿ ಮತ್ತೆ ತೆರೆದವು.